ರವೆಯ ಹೆಸರಲ್ಲಿ ಉಳಿದ ಚಿರೋಟಿ

ದಿನಸಿ ಅಂಗಡಿಗೆ ಹೋಗಿ ರವೆ ಕೇಳಿದರೆ ‘ಯಾವ್ದು ಕೊಡ್ಲಿ ಅಮ್ಮ? ಬನ್ಸಿನಾ, ಮೀಡಿಯಮ್ಮಾ, ಚಿರೋಟಿನಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೆಂಗಳೂರು, ಮೈಸೂರು ಕಡೆಯ ಅಡುಗೆಮನೆಗಳಿಗೆ ಈ ಲೆಕ್ಕ ಬಾಯಿಪಾಠ. ಬನ್ಸಿ ಉಪ್ಪಿಟ್ಟಿಗೆ. ಚಿರೋಟಿ ರವೆ ಹೋಳಿಗೆಯ ಕಣಕಕ್ಕೆ, ರವೆ ಉಂಡೆಗೆ, ದೋಸೆ ಗರಿಗರಿಯಾಗಲೆಂದು ಹಿಟ್ಟಿಗೆ ಒಂದು ಹಿಡಿ. ಮೊನ್ನೆ ನಾನು ಅರ್ಧ ಕೆ.ಜಿ. ಚಿರೋಟಿ ರವೆ ಕೇಳಿದಾಗ ಅಂಗಡಿಯವರು ‘ಹೋಳಿಗೆಗಾ?’ ಎಂದರು. ‘ಅಲ್ಲ, ಚಿರೋಟಿಗೆ’ ಎಂದೆ. ತೂಗುತ್ತಿದ್ದವರು ಕೈ ನಿಲ್ಲಿಸಿ ತಲೆಯೆತ್ತಿದರು. ‘ಮನೇಲೇ ಮಾಡ್ತೀರಾ?’

ಮನೆಗೆ ಬರುವವರೆಗೂ ಆ ಪ್ರಶ್ನೆ ನನ್ನ ಜೊತೆಗೇ ಬಂತು. ರವೆಗೆ ತನ್ನ ಹೆಸರು ಕೊಟ್ಟ ತಿಂಡಿ ನಮ್ಮ ಮನೆಗಳಿಂದ ಯಾವಾಗಲೋ ಎದ್ದು ಹೋಗಿದೆ. ಹೆಸರು ಮಾತ್ರ ರವೆಯ ಡಬ್ಬಿಯ ಮೇಲೆ ಉಳಿದಿದೆ. ಚಿರೋಟಿ ತಿನ್ನಬೇಕೆಂದರೆ ಈಗ ಯಾರದಾದರೂ ಮದುವೆ ಬರಬೇಕು. ಛತ್ರದ ಊಟದಲ್ಲಿ ಪಲ್ಯ, ಕೋಸಂಬರಿ, ಸಾರು ಎಲ್ಲ ದಾಟಿದ ಮೇಲೆ ಬಿದಿರಿನ ಬುಟ್ಟಿ ಹಿಡಿದ ಒಬ್ಬರು ಬರುತ್ತಾರೆ. ಎಲೆಯ ಮೇಲೆ ಅಂಗೈಯಗಲದ, ಸುರುಳಿ ಸುರುಳಿ ಪದರದ ಚಿರೋಟಿ. ಹಿಂದೆಯೇ ಸಕ್ಕರೆ ಪುಡಿಯವರು. ಅವರ ಹಿಂದೆ ಬಾದಾಮಿ ಹಾಲಿನ ಜಗ್. ಚಿರೋಟಿಯ ಮೇಲೆ ಅಂಗೈ ಒತ್ತಿದಾಗ ಏಳುವ ‘ಕರಕರ’ ಸದ್ದು ಇಡೀ ಪಂಕ್ತಿಯಲ್ಲಿ ಕೇಳುತ್ತದೆ. ಇಷ್ಟು ಇಷ್ಟಪಟ್ಟು ತಿನ್ನುವುದನ್ನು ಮನೆಯಲ್ಲಿ ಏಕೆ ಮಾಡುವುದಿಲ್ಲ ಎಂದರೆ ಎಲ್ಲರದ್ದೂ ಒಂದೇ ಉತ್ತರ: ‘ಅಯ್ಯೋ, ಅದಕ್ಕೆ ಕೈಗುಣ ಬೇಕು. ಅಡುಗೆ ಭಟ್ಟರೇ ಮಾಡಬೇಕು.’

ಈ ಮಾತನ್ನು ನಾನು ಒಪ್ಪುವುದಿಲ್ಲ. ಚಿರೋಟಿಗೆ ಬೇಕಾದದ್ದು ಹದ. ಹದ ಎನ್ನುವುದು ಕೆಲವರ ಕೈಯಲ್ಲಿ ಹುಟ್ಟಿನಿಂದ ಬಂದ ಗುಟ್ಟಲ್ಲ. ಹಿಟ್ಟು, ತುಪ್ಪ, ನೀರು, ಶಾಖ ಈ ನಾಲ್ಕೂ ಒಂದರ ಜೊತೆ ಒಂದು ಹೇಗೆ ನಡೆದುಕೊಳ್ಳುತ್ತವೆ ಎಂಬ ತಿಳಿವಳಿಕೆ ಅದು. ತಿಳಿದವರು ಹೇಳಿದರೆ ಯಾರಿಗಾದರೂ ಬರುತ್ತದೆ. ನನಗೆ ಹೇಳಿದವರು ನನ್ನ ಸೋದರತ್ತೆ. ಅವರು ಹೇಳಿದ್ದನ್ನೂ, ಅದರ ಹಿಂದಿನ ಕಾರಣವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕಣಕ: ಹಿಗ್ಗಬೇಕು, ಎಳೆದುಕೊಳ್ಳಬಾರದು

ಪದರ ಏಳುವ ಯಾವ ತಿಂಡಿಯಾದರೂ ಅದರೊಳಗೆ ನಡೆಯುವುದು ಒಂದೇ ಸಂಗತಿ. ತೆಳುವಾದ ಹಿಟ್ಟಿನ ಹಾಳೆಗಳ ನಡುವೆ ಕೊಬ್ಬಿನ ಪದರ ಕುಳಿತಿರುತ್ತದೆ. ಶಾಖ ತಾಗಿದಾಗ ಹಿಟ್ಟಿನಲ್ಲಿರುವ ನೀರು ಆವಿಯಾಗುತ್ತದೆ. ನೀರು ಆವಿಯಾದಾಗ 1,600 ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹೊರಗೆ ಹೋಗಲು ದಾರಿ ಹುಡುಕುತ್ತ ಅದು ಹಾಳೆಗಳನ್ನು ಒಂದರಿಂದ ಒಂದು ಮೇಲಕ್ಕೆ ಎತ್ತುತ್ತದೆ. ನಡುವೆ ಕೊಬ್ಬು ಇರುವುದರಿಂದ ಹಾಳೆಗಳು ಮತ್ತೆ ಅಂಟಿಕೊಳ್ಳುವುದಿಲ್ಲ. ಬೇಕರಿಯ ಪಫ್ ಒಲೆಯಲ್ಲಿ ಉಬ್ಬುವುದೂ ಹೀಗೆಯೇ, ಚಿರೋಟಿ ಬಾಣಲೆಯಲ್ಲಿ ಅರಳುವುದೂ ಹೀಗೆಯೇ.

ಹಾಗಾಗಿ ಮೊದಲು ಬೇಕಾದದ್ದು ಕಾಗದದಂತೆ ತೆಳ್ಳಗೆ ಲಟ್ಟಿಸಿದರೂ ಹರಿಯದ ಹಾಳೆ. ಆ ಬಲ ಕೊಡುವುದು ಗೋಧಿಯ ಗ್ಲುಟೆನ್. ಹಿಟ್ಟಿಗೆ ನೀರು ಸೇರಿಸಿ ನಾದಿದಾಗ ಗೋಧಿಯ ಪ್ರೋಟೀನ್‌ಗಳು ಒಂದಕ್ಕೊಂದು ಹೆಣೆದುಕೊಂಡು ರಬ್ಬರಿನಂತೆ ಹಿಗ್ಗುವ ಜಾಲವಾಗುತ್ತವೆ. ಮೈದಾದಲ್ಲಿ ಇದು ಬೇಗ ಆಗುತ್ತದೆ. ಬರೀ ಮೈದಾದಲ್ಲಿ ಮಾಡಿದರೆ ಚಿರೋಟಿ ಮೃದುವಾಗಿ, ಬಾಯಲ್ಲಿ ಹಿಟ್ಟುಹಿಟ್ಟಾಗುತ್ತದೆ. ಇಲ್ಲಿಯೇ ಚಿರೋಟಿ ರವೆಗೆ ಕೆಲಸ. ಅದರ ಸಣ್ಣ ಸಣ್ಣ ಕಾಳುಗಳು ಹಾಳೆಗೆ ಗಟ್ಟಿತನ ಕೊಡುತ್ತವೆ, ಕರಿದ ಮೇಲೆ ಹಲ್ಲಿಗೆ ಸಿಗುವ ‘ಕರುಂ’ ಎನ್ನುವ ಗುಣ ಅವುಗಳದ್ದೇ. ರವೆ ದಪ್ಪಗಿದ್ದರೆ ತೆಳುಹಾಳೆಯನ್ನು ತೂತು ಮಾಡುತ್ತದೆ. ಅದಕ್ಕೇ ಇಷ್ಟು ನಯವಾದ ರವೆ.

ಅಳತೆ ಹೀಗಿರಲಿ: ಮೈದಾ 150 ಗ್ರಾಂ, ಚಿರೋಟಿ ರವೆ 100 ಗ್ರಾಂ, ಒಂದು ಚಿಟಿಕೆ ಉಪ್ಪು. 25 ಗ್ರಾಂ ತುಪ್ಪವನ್ನು ಬಿಸಿ ಮಾಡಿ ಇದರ ಮೇಲೆ ಸುರಿದು, ಬೆರಳುಗಳ ನಡುವೆ ಹಿಟ್ಟನ್ನೆಲ್ಲ ಉಜ್ಜಿ. ತುಪ್ಪ ಹಿಟ್ಟಿನ ಕಣಗಳಿಗೆ ಮೊದಲೇ ಸವರಿಕೊಂಡರೆ ನೀರು ಎಲ್ಲ ಕಡೆ ಒಂದೇ ಸಮ ಹೋಗುವುದಿಲ್ಲ, ಗ್ಲುಟೆನ್ನಿನ ಎಳೆಗಳು ತೀರ ಉದ್ದವಾಗುವುದಿಲ್ಲ. ಹೀಗಾಗಿಯೇ ಚಿರೋಟಿ ಮುರಿದರೆ ಪುಡಿಯಾಗುತ್ತದೆ, ಜಗಿದರೆ ಎಳೆಯುವುದಿಲ್ಲ. ಮುಷ್ಟಿಯಲ್ಲಿ ಹಿಡಿದ ಹಿಟ್ಟು ಉಂಡೆಯಾಗಿ ನಿಂತು, ಒತ್ತಿದರೆ ಉದುರಬೇಕು. ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತ ಪೂರಿ ಹಿಟ್ಟಿಗಿಂತ ತುಸು ಮೆತ್ತಗೆ ಕಲೆಸಿ. ಸುಮಾರು 115 ಮಿ.ಲೀ. ಹಿಡಿಯುತ್ತದೆ. ಹತ್ತು ನಿಮಿಷ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಿ.

ಈ ಒಂದು ಗಂಟೆಯನ್ನು ಉಳಿಸಲು ಹೋಗಬೇಡಿ. ರವೆ ನಿಧಾನವಾಗಿ ನೀರು ಕುಡಿಯುತ್ತದೆ. ಕಲೆಸಿದಾಗ ಮೆತ್ತಗಿದ್ದ ಕಣಕ ಅರ್ಧ ಗಂಟೆಯಲ್ಲಿ ಗಟ್ಟಿಯಾಗುವುದು ಅದಕ್ಕೇ. ಹಾಗಾದರೆ ಕೈಗೆ ನೀರು ಹಚ್ಚಿಕೊಂಡು ಮತ್ತೆ ನಾದಬಹುದು. ಜೊತೆಗೆ, ನಾದಿದಾಗ ಬಿಗಿದ ಗ್ಲುಟೆನ್ ಆರಾಮವಾಗಿ ಸಡಿಲಗೊಳ್ಳುವುದೂ ಈ ಹೊತ್ತಿನಲ್ಲಿಯೇ. ಬಿಡದೆ ಲಟ್ಟಿಸಿದ ಹಾಳೆ ಲಟ್ಟಣಿಗೆ ತೆಗೆದ ಕೂಡಲೇ ಹಿಂದಕ್ಕೆ ಎಳೆದುಕೊಂಡು ಚಿಕ್ಕದಾಗುತ್ತದೆ. ಅತ್ತೆ ಇದನ್ನು ‘ಕಣಕಕ್ಕೆ ಇನ್ನೂ ಕೋಪ ಇಳಿದಿಲ್ಲ’ ಎನ್ನುತ್ತಿದ್ದರು. ನೆನೆದ ಕಣಕವನ್ನು ಮತ್ತೆ ಕುಟ್ಟಾಣಿಯಲ್ಲಿ ನಾಲ್ಕು ಬಾರಿ ಕುಟ್ಟಿದರೆ ರವೆಯ ಕಾಳು ಕೈಗೆ ತಿಳಿಯದಷ್ಟು ನಯವಾಗುತ್ತದೆ.

ಸಾಟಿ: ಪದರಗಳ ನಡುವಿನ ಗೋಡೆ

ಹಾಳೆಗಳ ನಡುವೆ ಹಚ್ಚುವ ತುಪ್ಪ ಮತ್ತು ಅಕ್ಕಿಹಿಟ್ಟಿನ ಮಿಶ್ರಣಕ್ಕೆ ಸಾಟಿ ಎನ್ನುತ್ತಾರೆ. ಚಿರೋಟಿಯ ಜೀವ ಇರುವುದು ಇದರಲ್ಲಿ. ಬರೀ ತುಪ್ಪ ಸವರಿದರೆ ಸಾಲದೇ ಎಂದು ನಾನೂ ಒಮ್ಮೆ ಕೇಳಿದ್ದೆ. ಸಾಲದು. ತುಪ್ಪ 35 ಡಿಗ್ರಿಯ ಹತ್ತಿರ ಕರಗುತ್ತದೆ. ಲಟ್ಟಿಸುವಾಗ ಅಂಗೈಯ ಬಿಸಿಗೇ ಸಡಿಲವಾಗಿ, ಒತ್ತಿದ ಕಡೆಯಿಂದ ಅಂಚಿಗೆ ಹರಿದು ಹೋಗುತ್ತದೆ. ಆಗ ಹಾಳೆಗೆ ಹಾಳೆ ತಾಗಿ ಅಂಟಿಕೊಳ್ಳುತ್ತದೆ. ಅಕ್ಕಿಹಿಟ್ಟು ತುಪ್ಪವನ್ನು ಹಿಡಿದು ನಿಲ್ಲಿಸುತ್ತದೆ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲದಿರುವುದರಿಂದ ಅದು ಅತ್ತ ಇತ್ತಲಿನ ಗೋಧಿ ಹಾಳೆಗಳೊಂದಿಗೆ ಹೆಣೆದುಕೊಳ್ಳುವುದಿಲ್ಲ. ಅಕ್ಕಿಹಿಟ್ಟಿನ ಬದಲು ಮೆಕ್ಕೆಜೋಳದ ಗಂಜಿಪುಡಿ, ಅಂದರೆ ಅಂಗಡಿಯ ಕಾರ್ನ್‌ಫ್ಲೋರ್, ಬಳಸಿದರೂ ಇದೇ ಕಾರಣಕ್ಕೆ ನಡೆಯುತ್ತದೆ. ಮೈದಾ ಬಳಸಿದರೆ ಮಾತ್ರ ಗೋಡೆಯೇ ಮನೆಯವರ ಜೊತೆ ಸೇರಿಕೊಂಡಂತೆ.

60 ಗ್ರಾಂ ಗಟ್ಟಿ ತುಪ್ಪವನ್ನು ಅಗಲ ತಟ್ಟೆಯಲ್ಲಿ ಹಾಕಿ ಅಂಗೈಯಿಂದ ಸುತ್ತು ಸುತ್ತಾಗಿ ಉಜ್ಜಿ. ಐದಾರು ನಿಮಿಷದಲ್ಲಿ ಹಳದಿ ತಿಳಿಯಾಗಿ ಬೆಳ್ಳಗೆ, ಬೆಣ್ಣೆಯ ಹಾಗೆ ಹಗುರಾಗುತ್ತದೆ. ಇದಕ್ಕೆ 50 ಗ್ರಾಂ ನಯವಾದ ಅಕ್ಕಿಹಿಟ್ಟು ಸೇರಿಸಿ ಮತ್ತೆ ಉಜ್ಜಿ. ಸ್ವಲ್ಪ ತೆಗೆದು ನೀರಿಗೆ ಹಾಕಿದರೆ ತೇಲಬೇಕು: ಇದು ಹಳಬರ ಪರೀಕ್ಷೆ. ತುಪ್ಪ ನೀರಿಗಿಂತ ಹಗುರ, ಉಜ್ಜಿದಾಗ ಸೇರಿದ ಗಾಳಿ ಅದನ್ನು ಇನ್ನೂ ಹಗುರ ಮಾಡುತ್ತದೆ. ಹಿಟ್ಟು ಹೆಚ್ಚಾಗಿ, ಉಜ್ಜುವುದು ಕಡಿಮೆಯಾಗಿದ್ದರೆ ಮುಳುಗುತ್ತದೆ. ಬೆಣ್ಣೆಯನ್ನು ಇಲ್ಲಿ ಬಳಸಬೇಡಿ. ಅದರಲ್ಲಿ ಶೇ. 16ರಷ್ಟು ನೀರಿರುತ್ತದೆ, ಆ ನೀರು ಅಕ್ಕಿಹಿಟ್ಟನ್ನು ಅಂಟು ಮಾಡುತ್ತದೆ. ಕಾಯಿಸಿದ ತುಪ್ಪದಲ್ಲಿ ನೀರು ಇಲ್ಲವೆಂದೇ ಹೇಳಬೇಕು.

ಕಾಲ ನೋಡಿ ನಡೆಯಬೇಕಾದದ್ದೂ ಇಲ್ಲಿಯೇ. ಡಿಸೆಂಬರಿನಲ್ಲಿ ತುಪ್ಪ ಗಟ್ಟಿಯಾಗಿ ಕೂತಿರುತ್ತದೆ, ಕೆಲಸ ಸಲೀಸು. ಏಪ್ರಿಲ್ ಬಿಸಿಲಿನಲ್ಲಿ ಡಬ್ಬಿಯೊಳಗೇ ನೀರಾಗಿರುತ್ತದೆ. ಆಗ ತಟ್ಟೆಯನ್ನು ತಣ್ಣೀರಿನ ಪಾತ್ರೆಯ ಮೇಲಿಟ್ಟು ಉಜ್ಜಿ, ಇಲ್ಲವೇ ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ದೊಡ್ಡ ಅಡುಗೆಗಳಲ್ಲಿ ಸಾಟಿಗೆ ವನಸ್ಪತಿ ಬಂದದ್ದು ಈ ಕಷ್ಟ ತಪ್ಪಿಸಲಿಕ್ಕೇ: ಅದು ಬೇಗ ಕರಗುವುದಿಲ್ಲ, ಬೆಲೆಯೂ ಕಡಿಮೆ. ಹಳೆಯ ವನಸ್ಪತಿಯಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಹೆಚ್ಚಿರುತ್ತಿತ್ತು. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಅದು ಶೇ. 2 ಮೀರಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಮಿತಿ ಹಾಕಿದೆ. ಆದರೂ ಮನೆಯಲ್ಲಿ ಮಾಡುವ ಇಪ್ಪತ್ತೈದು ಚಿರೋಟಿಗೆ ತುಪ್ಪವೇ ಇರಲಿ. ಪದರ ಬಿಡಿಸಿದಾಗ ಬರುವ ಪರಿಮಳ ಬೇರೆ ಯಾವುದರಿಂದಲೂ ಬರುವುದಿಲ್ಲ.

ಸುತ್ತುವುದು, ಕತ್ತರಿಸುವುದು

ಕಣಕವನ್ನು ಒಂಬತ್ತು ಉಂಡೆ ಮಾಡಿ. ಒಂದೊಂದನ್ನೂ ಮಣೆಯ ಮೇಲೆ ಒಂಬತ್ತು ಅಂಗುಲ ಅಗಲಕ್ಕೆ ಲಟ್ಟಿಸಿ. ಹಾಳೆಯ ಕೆಳಗೆ ಮಣೆಯ ಮರ ಮಸುಕಾಗಿ ಕಾಣುವಷ್ಟು ತೆಳುವಾಗಬೇಕು. ಒಂದು ಹಾಳೆ ಹಾಸಿ ಸಾಟಿಯನ್ನು ಅಂಚಿನವರೆಗೂ ಸವರಿ, ಮೇಲೆ ಎರಡನೆಯದು, ಮತ್ತೆ ಸಾಟಿ, ಮೂರನೆಯದು, ಮತ್ತೆ ಸಾಟಿ. ಒಂದು ತುದಿಯಿಂದ ಚಾಪೆ ಸುತ್ತುವ ಹಾಗೆ, ನಡುವೆ ಗಾಳಿ ಉಳಿಯದಂತೆ ಬಿಗಿಯಾಗಿ ಸುತ್ತಿ. ಕೊನೆಯ ಅಂಚಿಗೆ ನೀರಿನ ಬೆರಳು ತಾಗಿಸಿ ಅಂಟಿಸಿ. ಹೀಗೆ ಮೂರು ಸುರುಳಿಗಳಾಗುತ್ತವೆ. ಒಂದೊಂದನ್ನೂ ಎರಡು ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ. ಚಾಕು ಹರಿತವಾಗಿರಲಿ. ಮೊಂಡು ಚಾಕು ಸುರುಳಿಯನ್ನು ಅಮುಕಿ ಪದರಗಳ ಬಾಯಿ ಮುಚ್ಚಿಬಿಡುತ್ತದೆ.

ಕತ್ತರಿಸಿದ ಮುಖವನ್ನೊಮ್ಮೆ ನೋಡಿ. ಮೂರು ಹಾಳೆಗಳು ನಾಲ್ಕು ಸುತ್ತು ಸುತ್ತಿಕೊಂಡಿರುತ್ತವೆ. ಅಂದರೆ ನಡುವಿನಿಂದ ಅಂಚಿಗೆ ಹೋಗುವಷ್ಟರಲ್ಲಿ ಹನ್ನೆರಡು ಪದರ. ಹಾಳೆ ಇನ್ನೂ ತೆಳ್ಳಗಾದರೆ ಸುತ್ತು ಹೆಚ್ಚಾಗುತ್ತದೆ, ಪದರವೂ ಹೆಚ್ಚಾಗುತ್ತದೆ. ಮದುವೆಯ ಚಿರೋಟಿಯನ್ನು ನೋಡಿ ನಾವು ಬೆರಗಾಗುವುದು ಈ ಲೆಕ್ಕಕ್ಕೆ.

ತುಂಡಿನ ಸುರುಳಿ ಕಾಣುವ ಮುಖ ಮೇಲಿರುವಂತೆ ಮಣೆಯ ಮೇಲಿಟ್ಟು ಅಂಗೈಯಿಂದ ಮೆಲ್ಲನೆ ಒತ್ತಿ. ಆಮೇಲೆ ನಡುವಿನಿಂದ ಹೊರಕ್ಕೆ, ಭಾರ ಹಾಕದೆ, ಮೂರೂವರೆ ಅಂಗುಲ ಅಗಲಕ್ಕೆ ಲಟ್ಟಿಸಿ. ಲಟ್ಟಣಿಗೆಯನ್ನು ಹಿಂದೆ ಮುಂದೆ ಉರುಳಿಸಿ ಒತ್ತಿದರೆ ಪದರಗಳು ಒಂದರೊಳಗೊಂದು ಹುದುಗಿಹೋಗುತ್ತವೆ, ಅಷ್ಟು ಹೊತ್ತಿನ ಶ್ರಮ ಅಲ್ಲಿಗೆ ಮುಗಿಯಿತು. ಒಣಹಿಟ್ಟು ಬೇಡ, ಅದು ಎಣ್ಣೆಯಲ್ಲಿ ಉದುರಿ ಸುಟ್ಟು ಉಳಿದವಕ್ಕೂ ಮೆತ್ತಿಕೊಳ್ಳುತ್ತದೆ. ಕರಿಯುವವರೆಗೂ ಎಲ್ಲವನ್ನೂ ಒದ್ದೆ ಬಟ್ಟೆಯ ಕೆಳಗೆ ಇಡಿ. ಮೇಲ್ಮೈ ಒಣಗಿದರೆ ಆವಿಗೆ ಎತ್ತಲಾಗದಂಥ ತೊಗಟೆಯಾಗುತ್ತದೆ.

ಬಾಣಲೆಯ ಮುಂದೆ

ಚಿರೋಟಿ ಕೆಡುವುದು ಹೆಚ್ಚಾಗಿ ಬಾಣಲೆಯಲ್ಲಿ. ನಾನು ಮೊದಲ ಬಾರಿ ಮಾಡಿದಾಗ ಪೂರಿಗೆ ಕಾಯಿಸುವಷ್ಟು ಎಣ್ಣೆ ಕಾಯಿಸಿದ್ದೆ. ಹಾಕಿದ ಕೂಡಲೇ ಕೆಂಪಾಯಿತು, ಚೆನ್ನಾಗಿ ಬಂತೆಂದು ತೆಗೆದೆ. ಮುರಿದು ನೋಡಿದರೆ ಒಳಗೆ ಹಸಿ ಹಿಟ್ಟು. ಪೂರಿಗೂ ಚಿರೋಟಿಗೂ ಇರುವ ಅಂತರ ಅಂದು ಅರ್ಥವಾಯಿತು. ಪೂರಿಯಲ್ಲಿ ಆವಿ ಒಂದೇ ಬಾರಿಗೆ ಎದ್ದು ಒಂದೇ ಗುಳ್ಳೆಯಾಗಬೇಕು, ಅದಕ್ಕೆ ಜೋರು ಶಾಖ. ಚಿರೋಟಿಯಲ್ಲಿ ಹನ್ನೆರಡು ಪದರಗಳ ಆಳದಲ್ಲಿರುವ ನೀರೂ ಒಂದೊಂದಾಗಿ ಹೊರಬರಬೇಕು, ಅದಕ್ಕೆ ಸಮಯ ಬೇಕು. ಹೊರಗಿನ ಪದರ ಬೇಗ ಗಟ್ಟಿಯಾದರೆ ಒಳಗಿನದಕ್ಕೆ ದಾರಿ ಮುಚ್ಚಿಹೋಗುತ್ತದೆ.

ಎಣ್ಣೆಯೋ ತುಪ್ಪವೋ ಸುಮಾರು 150 ಡಿಗ್ರಿ ಇದ್ದರೆ ಸಾಕು. ಮಾಪಕ ಇಲ್ಲದವರು ಒಂದು ಚೂರು ಕಣಕ ಹಾಕಿ ನೋಡಿ. ಅದು ತಳ ಸೇರಿ, ಎರಡು ಮೂರು ಸೆಕೆಂಡ್ ಅಲ್ಲೇ ಇದ್ದು, ಸುತ್ತ ಸಣ್ಣ ಗುಳ್ಳೆ ಕಟ್ಟಿಕೊಂಡು ನಿಧಾನವಾಗಿ ಮೇಲೇರಬೇಕು. ಹಾಕಿದ ಕೂಡಲೇ ಚಿಮ್ಮಿ ಮೇಲೆ ಬಂದರೆ ಉರಿ ಇಳಿಸಿ. ಒಂದು ಸಲಕ್ಕೆ ಎರಡೇ ಹಾಕಿ. ಹೆಚ್ಚು ಹಾಕಿದರೆ ಎಣ್ಣೆ ತಣಿದು ಪದರಗಳ ನಡುವಿನ ಸಾಟಿ ಕರಗಿ ಹೊರಗೆ ಹರಿಯುತ್ತದೆ.

ಚಿರೋಟಿ ಮೇಲೆ ತೇಲಿದ ಮೇಲೆ ಸೌಟಿನಿಂದ ಕಾದ ಎಣ್ಣೆಯನ್ನು ಅದರ ನಡುವೆ ಮತ್ತೆ ಮತ್ತೆ ಸುರಿಯುತ್ತಿರಿ. ಕೆಳಗಿನಿಂದಲೂ ಮೇಲಿನಿಂದಲೂ ಶಾಖ ಸಿಕ್ಕಾಗ ಸುರುಳಿ ಹೂವಿನ ಎಸಳಿನಂತೆ ಬಿಚ್ಚಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಪದರ ಬಿಟ್ಟ ಮೇಲೆ ಒಂದೇ ಬಾರಿ ಮಗುಚಿ. ಬಣ್ಣ ನೋಡಿ ತೆಗೆಯಬೇಡಿ. ಗುಳ್ಳೆ ನೋಡಿ ತೆಗೆಯಿರಿ. ಗುಳ್ಳೆ ಎಂದರೆ ಹೊರಗೆ ಬರುತ್ತಿರುವ ನೀರಾವಿ. ಮೊದಲು ಭೋರ್ಗರೆದು ಏಳುವ ಗುಳ್ಳೆ ನಾಲ್ಕೈದು ನಿಮಿಷದಲ್ಲಿ ಕಡಿಮೆಯಾಗುತ್ತದೆ, ಸದ್ದೂ ಇಳಿಯುತ್ತದೆ. ಒಳಗಿನ ನೀರು ಮುಗಿಯುತ್ತ ಬಂದಿದೆ, ಇನ್ನು ಬಿಟ್ಟರೆ ಹಿಟ್ಟು ಕೆಂಪಾಗಲು ತೊಡಗುತ್ತದೆ ಎಂಬ ಸೂಚನೆ ಅದು. ಒಳ್ಳೆಯ ಚಿರೋಟಿ ಕೆನೆ ಬಣ್ಣದ್ದು.

ತೆಗೆದ ಮೇಲೆ ತಟ್ಟೆಯಲ್ಲಿ ಮಲಗಿಸಬಾರದು. ಜಾಲರಿಯ ಅಂಚಿಗೆ ಆನಿಸಿ ನಿಲ್ಲಿಸಬೇಕು. ಪದರಗಳ ನಡುವೆ ಸಿಕ್ಕಿಕೊಂಡ ಎಣ್ಣೆ ಬಿಸಿ ಇರುವಾಗ ಮಾತ್ರ ಕೆಳಗಿಳಿಯುತ್ತದೆ. ಮಲಗಿಸಿದರೆ ಅಲ್ಲೇ ಉಳಿಯುತ್ತದೆ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಬಿಸಿಯಿದ್ದಾಗ ಮುಚ್ಚಿದರೆ ಉಳಿದ ಆವಿ ನೀರಾಗಿ ಮತ್ತೆ ಚಿರೋಟಿಗೇ ಸೇರಿ ಮೆತ್ತಗಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹತ್ತು ದಿನ ಗರಿಗರಿಯಾಗಿಯೇ ಇರುತ್ತದೆ.

ತಪ್ಪಿದರೆ ಎಲ್ಲಿ ತಪ್ಪಿತೆಂದು ಈಗ ನೀವೇ ಹುಡುಕಬಹುದು. ಪದರ ಬಿಡಲಿಲ್ಲವೇ? ಸಾಟಿ ತೆಳುವಾಗಿತ್ತು, ಇಲ್ಲವೇ ಕೊನೆಯ ಲಟ್ಟಿಸುವಿಕೆಯಲ್ಲಿ ಭಾರ ಹೆಚ್ಚಾಯಿತು. ಎಣ್ಣೆಯಲ್ಲಿ ಸುರುಳಿಯೇ ಬಿಚ್ಚಿ ಚೂರಾಯಿತೇ? ಸಾಟಿ ಹೆಚ್ಚಾಯಿತು, ಅಥವಾ ಸಡಿಲವಾಗಿ ಸುತ್ತಿದ್ದಿರಿ. ಎಣ್ಣೆ ಹೀರಿತೇ? ಉರಿ ತೀರ ಸಣ್ಣದಿತ್ತು. ಕಲ್ಲಿನಂತಾಯಿತೇ? ಕಣಕ ನೆನೆಯಲಿಲ್ಲ. ಕೈಗುಣ ಎಂಬ ಮಾತಿಗೆ ಇವುಗಳ ನಡುವೆ ಜಾಗವೇ ಇಲ್ಲ.

ಸಿಹಿ ಏಕೆ ಹೊರಗೆ?

ಚಿರೋಟಿಯ ಹಿಟ್ಟಿಗೆ ಸಕ್ಕರೆ ಬೀಳುವುದೇ ಇಲ್ಲ. ಬಿದ್ದರೆ ನಿಧಾನದ ಕರಿಯುವಿಕೆಯಲ್ಲಿ ಅದು ಬೇಗ ಕೆಂಪಾಗಿ, ಪದರಗಳನ್ನು ಅಂಟಿಸುತ್ತದೆ. ಅದಕ್ಕೇ ಪದರ ತಿಂಡಿ ಮಾಡುವ ಊರುಗಳೆಲ್ಲ ಸಿಹಿಯನ್ನು ಕರಿದ ಮೇಲೆ ಸೇರಿಸುವ ದಾರಿ ಕಂಡುಕೊಂಡಿವೆ. ಆಂಧ್ರದ ತಾಪೇಶ್ವರದ ಖಾಜಾ ಪಾಕ ಕುಡಿದು ರಸ ತುಂಬಿಕೊಂಡಿರುತ್ತದೆ. 2018ರಲ್ಲಿ ಭೌಗೋಳಿಕ ಗುರುತು ಪಡೆದ ಬಿಹಾರದ ಸಿಲಾವ್ ಖಾಜಾ ಕೂಡ ಈ ವಂಶದ್ದೇ. ಮಹಾರಾಷ್ಟ್ರದವರ ದೀಪಾವಳಿಗೆ ಚಿರೋಟೆ ಬೇಕು. ನಮ್ಮ ಕರಾವಳಿಯ ಕೊಂಕಣಿ ಮನೆಗಳ ಚಿರೋಟಿಗೂ ಸಕ್ಕರೆ ಪಾಕದ ಲೇಪ ಉಂಟು.

ಹಳೆ ಮೈಸೂರಿನ ಪಂಕ್ತಿಯೂಟ ಹಿಡಿದ ದಾರಿ ಬೇರೆ. ಇಲ್ಲಿ ಚಿರೋಟಿ ಸಪ್ಪೆಯಾಗಿ, ಒಣದಾಗಿ ಎಲೆಗೆ ಬರುತ್ತದೆ. ಏಲಕ್ಕಿ ಬೆರೆಸಿದ ಸಕ್ಕರೆ ಪುಡಿಯೂ ಕೇಸರಿ ಹಾಕಿದ ಬಾದಾಮಿ ಹಾಲೂ ಅಲ್ಲಿಗೇ ಬಂದು ಕೂಡಿಕೊಳ್ಳುತ್ತವೆ. ಎಷ್ಟು ಪುಡಿ ಮಾಡಬೇಕು, ಎಷ್ಟು ಸಿಹಿ ಬೇಕು, ಹಾಲು ಯಾವಾಗ ಹಾಕಿಸಿಕೊಳ್ಳಬೇಕು ಎಂಬುದೆಲ್ಲ ಉಣ್ಣುವವರ ಕೈಯಲ್ಲಿದೆ. ಅರ್ಧ ಪದರ ಹಾಲು ಹೀರಿ ಮೆತ್ತಗಾಗಿ, ಇನ್ನರ್ಧ ಇನ್ನೂ ಕರುಂ ಎನ್ನುವ ಆ ಒಂದು ನಿಮಿಷವೇ ಚಿರೋಟಿಯ ರುಚಿ. ಮನೆಯಲ್ಲಿ ಮಾಡಿದಾಗಲೂ ಹಾಲನ್ನು ಮೊದಲೇ ಸುರಿದಿಡಬೇಡಿ. ಎಲ್ಲರೂ ಕುಳಿತ ಮೇಲೆ ಬಡಿಸಿ.

ಅಡುಗೆಯನ್ನು ಬರೆದಿಡುವುದು ಕನ್ನಡಕ್ಕೆ ಹೊಸದಲ್ಲ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಎಂಬ ಅಡುಗೆಯ ಗ್ರಂಥವನ್ನು ಕನ್ನಡದಲ್ಲಿ, ಷಟ್ಪದಿಯಲ್ಲಿ ಬರೆದ. ಹಿಟ್ಟು ಕಲೆಸುವುದು, ಬೇಯಿಸುವುದು ಪದ್ಯಕ್ಕೆ ತಕ್ಕ ವಸ್ತು ಎಂದು ಐನೂರು ವರ್ಷಗಳ ಹಿಂದೆಯೇ ಒಬ್ಬ ಕನ್ನಡ ಕವಿಗೆ ಅನ್ನಿಸಿತ್ತು. ಆದರೆ ನಮ್ಮ ಅಜ್ಜಿಯರು, ಅತ್ತೆಯರು ಹೊತ್ತಿರುವ ಹದವನ್ನು ನಾವು ಬರೆದಿಟ್ಟುಕೊಂಡದ್ದು ಕಡಿಮೆ. ‘ಅಂದಾಜು’ ಎಂದು ಅವರು ಹೇಳಿದಾಗ ಅಳತೆಯನ್ನು ಕೇಳಿ ಸುಮ್ಮನಾಗುತ್ತೇವೆ. ಏಕೆ ಎಂದು ಕೇಳಬೇಕು. ಉತ್ತರ ಅವರ ಬಳಿ ಇರುತ್ತದೆ.

ಮೊನ್ನೆ ತಂದ ರವೆಯಲ್ಲಿ ಚಿರೋಟಿ ಮಾಡಿದ ದಿನ ಅತ್ತೆ ನಮ್ಮ ಮನೆಯಲ್ಲಿದ್ದರು. ಮಣಿಕಟ್ಟಿನ ನೋವಿನಿಂದ ಈಗ ಅವರು ಲಟ್ಟಣಿಗೆ ಹಿಡಿಯುವುದಿಲ್ಲ. ನಡುಮನೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದರು. ಅಲ್ಲಿಂದ ಬಾಣಲೆ ಕಾಣುವುದಿಲ್ಲ. ನಾನು ಬಗ್ಗಿ ಗುಳ್ಳೆ ನೋಡುತ್ತ, ತೆಗೆಯಲೋ ಬೇಡವೋ ಎಂದು ಜಾಲರಿ ಹಿಡಿದು ನಿಂತಿದ್ದೆ. ಒಳಗಿನಿಂದ ಅವರ ದನಿ ಬಂತು: ‘ಸದ್ದು ಇಳೀತು ಕಣೇ, ತೆಗಿ.’ ತೆಗೆದೆ. ಕೆನೆ ಬಣ್ಣ, ಪದರ ಪದರ ಬಿಟ್ಟಿತ್ತು. ಕೈ ಒರೆಸಿಕೊಂಡು ಅಳತೆ ಬರೆದಿಟ್ಟ ಹಾಳೆಯ ಕೊನೆಯಲ್ಲಿ ಆ ಮಾತನ್ನೂ ಬರೆದೆ.